ಕೊಳೆತ ಜುಟ್ಟು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕನಕಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಹತ್ತನೇ ತರಗತಿಗೆ ಕಾಯಜ ಸಂತಾನೋತ್ಪತ್ತಿ ಪಾಠ. ಎಲ್ಲರೂ ಒಯ್ಯುವ ಆಲೂಗಡ್ಡೆ ಬೇಡವೆಂದು ಬೋಧನೋಪಕರಣವಾಗಿ ಅನಾನಸ್ ಆರಿಸಿಕೊಂಡೆ. ಸಂತೆಯಿಂದ ಹಣ್ಣು ತಂದು, ಜುಟ್ಟು ಕತ್ತರಿಸಿ, ಅಂದೇ ಕುಂಡದಲ್ಲಿ ನೆಟ್ಟು ತರಗತಿಯ ಕಿಟಕಿಯಲ್ಲಿಟ್ಟೆ. ಪಕ್ಕದಲ್ಲೇ ಹವಾಯಿ ದ್ವೀಪದ ತೋಟದ ಚಾರ್ಟ್. “ಇದು ಮಳೆ ಸುರಿಯುವ ದ್ವೀಪಗಳ ಬೆಳೆ, ನೀರು ಚೆನ್ನಾಗಿ ಬೇಕು” ಎಂದೆ. ಮಕ್ಕಳು ಸರದಿಯಂತೆ ದಿನಕ್ಕೆರಡು ಸಲ ನೀರು ಹಾಕಿದರು.

ಹತ್ತನೇ ದಿನ ಮಾರ್ಗದರ್ಶಕರು ಪಾಠ ವೀಕ್ಷಣೆಗೆ ಬಂದಿದ್ದರು. ಬೇರು ತೋರಿಸಲು ಜುಟ್ಟನ್ನು ಎತ್ತಿದೆ. ಎಲೆಗಳಷ್ಟೇ ಕೈಗೆ ಬಂದವು. ಬುಡ ಕೊಳೆತು ನಾರುತ್ತಿತ್ತು. ತರಗತಿಯೆಲ್ಲ ನಗು. ಗಾಬರಿಯಲ್ಲಿ “ನಮ್ಮ ಕಡೆಯ ಹವೆಗೆ ಇದು ಬರುವುದಿಲ್ಲ” ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: “ನಮ್ ಹಿತ್ಲಲ್ಲಿ ಐತೆ ಮಿಸ್. ನಮ್ಮಜ್ಜಿ ನೆಟ್ಟಿದ್ದು, ಹಣ್ಣೂ ಬಿಟ್ಟಿತ್ತು. ಜುಟ್ಟು ಒಣಗಿಸಿ ನೆಡ್ಬೇಕಂತೆ.”

ಆ ರಾತ್ರಿ ನನ್ನ ಸಸ್ಯಶಾಸ್ತ್ರದ ಟಿಪ್ಪಣಿ ತೆಗೆದೆ. ಅನಾನಸ್ ಹಗಲಿನಲ್ಲಿ ಪತ್ರರಂಧ್ರಗಳನ್ನು ಬಹುಪಾಲು ಮುಚ್ಚಿಕೊಂಡು ನೀರು ಉಳಿಸುತ್ತದೆ. ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಅದರಿಂದ ಸಕ್ಕರೆ ತಯಾರಿಸುತ್ತದೆ. ಸಿ.ಎ.ಎಂ. ಸಸ್ಯಕ್ಕೆ ಉದಾಹರಣೆಯಾಗಿ ಇದನ್ನೇ ಬರೆದು ಪರೀಕ್ಷೆಯಲ್ಲಿ ಅಂಕ ಪಡೆದಿದ್ದೆ! ದ್ವೀಪದ ಮಾತೂ ಅರ್ಧ ಸತ್ಯ. ಕೊಲಂಬಸ್ 1493ರಲ್ಲಿ ಇದನ್ನು ಕಂಡದ್ದು ಗ್ವಾಡಲೂಪ್ ದ್ವೀಪದಲ್ಲಾದರೂ ಗಿಡದ ತವರು ದಕ್ಷಿಣ ಅಮೆರಿಕದ ನೆಲ. ನಮ್ಮ ಬನವಾಸಿ, ಸಾಗರದ ಕಡೆ ಮಳೆ ಹೆಚ್ಚಿದ್ದರೂ ಬೆಳೆಯುತ್ತದೆ, ಆದರೆ ಬುಡದಲ್ಲಿ ನೀರು ನಿಲ್ಲಬಾರದು.

ಮರುದಿನ ತರಗತಿಯಲ್ಲಿ “ನಿನ್ನೆ ನಾನು ಹೇಳಿದ್ದು ತಪ್ಪು. ಕೊಳೆಸಿದ್ದು ಹವೆಯಲ್ಲ, ನಾನು” ಎಂದೆ. ಈ ಸಲ ಯಾರೂ ನಗಲಿಲ್ಲ. ಇನ್ನೊಂದು ಜುಟ್ಟು ತಂದು, ಅಂಟಿದ ತಿರುಳು ತೆಗೆದು, ಕೆಳಗಿನ ಎಲೆಗಳನ್ನು ಬಿಡಿಸಿ, ವಾರ ನೆರಳಲ್ಲಿ ಒಣಗಿಸಿದೆವು. ಕೆಮ್ಮಣ್ಣಿಗೆ ಮರಳು ಬೆರೆಸಿ ನೆಟ್ಟೆವು. ಮಣ್ಣು ಒಣಗಿದರಷ್ಟೇ ನೀರು. “ಬೀಜ ಇಲ್ಲದೆ ಹೀಗೆ ಬೆಳೆಸುವ ಇನ್ನೊಂದು ಗಿಡ ಯಾವುದು?” ಎಂದು ಕೇಳಿದಾಗ ಅರ್ಧ ತರಗತಿ ಒಟ್ಟಿಗೆ ಕೂಗಿತು: “ಹಿಪ್ಪುನೇರಳೆ ಕಡ್ಡಿ, ಮಿಸ್!” ರೇಷ್ಮೆ ಸಾಕುವ ಮನೆಗಳ ಮಕ್ಕಳು, ನನ್ನ ಪಾಠ ಅವರ ಹೊಲದಲ್ಲೇ ಇತ್ತು.

ಜುಟ್ಟಿನಿಂದ ಹಣ್ಣಾಗಲು ಸುಮಾರು ಎರಡು ವರ್ಷ ಬೇಕು. ನನ್ನ ಅವಧಿ ಮುಗಿದಾಗ ನಡುವೆ ಒಂದು ಹೊಸ ಎಲೆ ಕಂಡಿತ್ತು, ಅಷ್ಟೆ. ಕುಂಡವನ್ನು ಆ ಹುಡುಗಿಗೇ ಒಪ್ಪಿಸಿ ಬಂದೆ.

ಪಾಠ ಯೋಜನೆಯ ‘ಪೂರ್ವಜ್ಞಾನ’ ಕಲಮಿನಲ್ಲಿ ನಾನು ಬರೆದಿದ್ದು ಹೀಗೆ: “ವಿದ್ಯಾರ್ಥಿಗಳು ಅನಾನಸ್ ಹಣ್ಣನ್ನು ನೋಡಿದ್ದಾರೆ.” ಹಾಸ್ಟೆಲಿನಲ್ಲಿ ಕುಳಿತು, ಯಾರನ್ನೂ ಕೇಳದೆ ತುಂಬಿದ ಸಾಲು ಅದು. ಈಗ ಆ ಕಲಮನ್ನು ತರಗತಿಗೆ ಹೋಗಿ ಬರುವವರೆಗೂ ಖಾಲಿ ಬಿಡುತ್ತೇನೆ.