ಟೂಲ್ ಹೋಗದ ಜಾಗ

ಸಾಲಿಡ್‌ವರ್ಕ್ಸ್‌ನಲ್ಲಿ ಸ್ವೆಪ್ಟ್ ಕಟ್ ಅಂತ ಒಂದು ಕಮಾಂಡ್ ಇದೆ. ಒಂದು ಆಕಾರ ಬರೀರಿ, ಒಂದು ದಾರಿ ಬರೀರಿ, ಆ ಆಕಾರ ಆ ದಾರಿಯಲ್ಲಿ ಲೋಹವನ್ನು ಬಾಚಿಕೊಂಡು ಹೋಗುತ್ತೆ. ಹೋದ ತಿಂಗಳು ಇದರಿಂದ ವೈ.ಎನ್. ಹೊಸಕೋಟೆಯಲ್ಲಿ ನಮ್ಮ ಭಾವನ ಮನೆಯ ನೂಲು ಸುತ್ತುವ ಮಷೀನು ನಿಂತಿತ್ತು.

ಪಾವಗಡ ತಾಲೂಕಿನ ಆ ಊರು ರೇಷ್ಮೆ ಸೀರೆಯದ್ದು. ಭಾವನ ಮಷೀನಿನಲ್ಲಿ ನೂಲನ್ನು ಅತ್ತಿಂದಿತ್ತ ಎಳೆದಾಡಿಸೋದು ಒಂದು ಬ್ಯಾರೆಲ್ ಕ್ಯಾಮ್. ಉರುಳೆಯ ಮೈಮೇಲೆ ಓರೆಯಾಗಿ ಓಡುವ ಗ್ರೂವ್, ಅದರಲ್ಲಿ ಒಂದು ರೋಲರ್, ಅಷ್ಟೇ. ಸವೆದಿದ್ದಕ್ಕೆ ಯಾರ ಕೈಲೋ ಹೊಸದು ಮಾಡಿಸಿದ್ರು. ಅರ್ಧ ಸುತ್ತು ಸಲೀಸು, ಆಮೇಲೆ ರೋಲರ್ ಕಚ್ಚಿಕೊಳ್ಳೋದು.

"ಎಂಟು ದಿನ ಆಯ್ತು ಕಣೋ. ಮಗ್ಗದೋರಿಗೆ ಏನಂತ ಹೇಳಲಿ?"

"ಹಳೇದು, ಹೊಸದು ಎರಡೂ ಕಳಿಸಿ ಭಾವ. ಫೈಲ್ ಇದ್ರೆ ಅದನ್ನೂ."

ಫೈಲ್ ತೆರೆದರೆ, 12 ಮಿ.ಮೀ. ಅಗಲದ ಚೌಕಾಕಾರವನ್ನು ದಾರಿಗುಂಟ ಎಳೆದಿದ್ದರು. ಸ್ಕ್ರೀನ್ ಮೇಲೆ ಬಹಳ ಚೆಂದ. ಆದರೆ ಯಾವ ಮಷೀನಿನಲ್ಲೂ ಚೌಕ ತಿರುಗಲ್ಲ, ತಿರುಗೋದು ಎಂಡ್ ಮಿಲ್, ದುಂಡನೆಯ ಕಡ್ಡಿ. ಕ್ಯಾಮ್‌ನ ಹೊರವ್ಯಾಸ 60, ಗ್ರೂವ್ ಆಳ 8, ಅಂದರೆ ತಳದ ವ್ಯಾಸ 44. ನಡುವಿನ ಓಟವನ್ನು ಸುತ್ತಿಗೆ 60 ಮಿ.ಮೀ. ಲೆಕ್ಕದಲ್ಲಿ ಹಿಡಿದರೆ ಮೇಲ್ಮೈಯಲ್ಲಿ ಓರೆ ಸುಮಾರು 18 ಡಿಗ್ರಿ, ತಳದಲ್ಲಿ 23 ದಾಟುತ್ತೆ. ಒಂದೇ ಗ್ರೂವ್‌ಗೆ ಮೇಲೊಂದು ಓರೆ, ಕೆಳಗೊಂದು ಓರೆ. ಚೌಕಕ್ಕೆ ಇದು ಗೊತ್ತಾಗಲ್ಲ. ಕಡ್ಡಿಗೆ ಗೊತ್ತಾಗುತ್ತೆ, ರೋಲರ್‌ಗೂ. ಶಾಪಿನವರು ಆ ಮಾಡೆಲ್‌ನ ಗೋಡೆಗಳನ್ನೇ ನಂಬಿ 10ರ ಟೂಲ್‌ನಲ್ಲಿ ಎರಡೂ ಬದಿ ಕೆರೆದಿದ್ದರು.

ಅದಕ್ಕೆ ಸ್ವೆಪ್ಟ್ ಕಟ್‌ನಲ್ಲೇ ಇನ್ನೊಂದು ಆಯ್ಕೆ ಇದೆ, ಸಾಲಿಡ್ ಸ್ವೀಪ್. ಆಕಾರದ ಬದಲು ಟೂಲನ್ನೇ, ಅಂದರೆ 12ರ ಸಿಲಿಂಡರನ್ನೇ, ಬೇರೆ ಬಾಡಿಯಾಗಿ ಮಾಡಿ ದಾರಿಗುಂಟ ಓಡಿಸೋದು. ಇದು ಸ್ವಲ್ಪ ಹಠಮಾರಿ. ದಾರಿ ಟೂಲ್ ಒಳಗಿಂದ ಅಥವಾ ಅದರ ಮೈಮೇಲಿಂದ ಶುರುವಾಗಬೇಕು, ಎಲ್ಲೂ ಚೂಪಾಗಿ ಮುರೀಬಾರದು. ಮಾಡಿದ ಮೇಲೆ ನಾಲ್ಕೈದು ಕಡೆ ಸೆಕ್ಷನ್ ಕತ್ತರಿಸಿ ನೋಡಲೇಬೇಕು, ಟೂಲಿನ ಅಕ್ಷ ಎಲ್ಲ ಕಡೆಯೂ ಉರುಳೆಯ ನಡುಗೆರೆಯನ್ನೇ ನೋಡ್ತಿದೆಯಾ ಅಂತ. ನನ್ನ ಪ್ರಕಾರ ಸ್ವೀಪ್‌ನ ಅರ್ಧ ಕೆಲಸ ಈ ನೋಡೋದೇ.

ನಿಜವಾದ ತಲೆನೋವು ಎರಡು ತುದಿಯ ತಿರುವುಗಳದ್ದು. ತಿರುವಿನ ತ್ರಿಜ್ಯ 6ಕ್ಕಿಂತ ಕಡಿಮೆಯಾದರೆ ಟೂಲ್ ತಾನು ಕೊರೆದ ಒಳಗೋಡೆಯನ್ನೇ ತಿನ್ನುತ್ತೆ. ಧಾರಾಳ ಮಾಡಿದರೆ ರೋಲರ್ ಸುಖವಾಗಿ ತಿರುಗುತ್ತೆ, ಆದರೆ ನೂಲು ಅಂಚಿನಲ್ಲಿ ಹೆಚ್ಚು ಹೊತ್ತು ನಿಂತು ದಿಬ್ಬ ಕಟ್ಟುತ್ತೆ. ಭಾವನ್ನ ಕೇಳಿದೆ. "ಸ್ವಲ್ಪ ದಪ್ಪ ಆದ್ರೆ ಪರವಾಗಿಲ್ಲ, ಎಳೆ ಜಾರಿ ಆಚೆ ಬೀಳಬಾರ್ದು" ಅಂದರು. 9ಕ್ಕೆ ನಿಲ್ಲಿಸಿದೆ. ಯಾವ ಟ್ಯುಟೋರಿಯಲ್‌ನಲ್ಲೂ ಈ ಸಂಖ್ಯೆ ಸಿಗಲ್ಲ.

ಮಧುಗಿರಿ ಬೆಟ್ಟ ಹತ್ತಿದವರಿಗೆ ಗೊತ್ತು, ಕಡಿದಾದ ಕಡೆ ಬಂಡೆಯಲ್ಲಿ ಕಾಲು ಊರುವಷ್ಟೇ ಮೆಟ್ಟಿಲು ಕೊರೆದಿದ್ದಾರೆ. ಉಳಿಗೆ ಎಟುಕದ್ದನ್ನು ಯಾರೂ ಬಯಸಿಲ್ಲ. ನಾವು ಬೆಂಗಳೂರಲ್ಲಿ ಏಸಿ ಕೆಳಗೆ ಕೂತು ಬಯಸ್ತೀವಿ.

ಶಿರಾ ರಸ್ತೆಯ ವಸಂತನರಸಾಪುರದ ಒಂದು ಸಣ್ಣ ಶಾಪಿನಲ್ಲಿ ರೋಟರಿ ಕೂರಿಸಿದ ವಿಎಂಸಿ ಇತ್ತು. ಮೊದಲು 10ರಲ್ಲಿ ರಫ್, ಕೊನೆಗೆ 12ರ ಎಂಡ್ ಮಿಲ್ ನಡುಗೆರೆಯ ಮೇಲೆ ಒಂದೇ ಓಟ. ರೋಲರನ್ನು 11.95ಕ್ಕೆ ಗ್ರೈಂಡ್ ಮಾಡಿಸಿದ್ವಿ. ಆಪರೇಟರ್ ಮಾಡೆಲ್ ತಿರುಗಿಸಿ ನೋಡಿ, "ಇದು ಕಟ್ ಆಗುತ್ತೆ ಸಾರ್" ಅಂದರು. ನಮ್ಮ ಆಫೀಸಿನ ಯಾವ ಅಪ್ರೈಸಲ್‌ಗಿಂತಲೂ ಅದು ಹಿತವಾಗಿತ್ತು.

ಕೊರಟಗೆರೆ, ಮಧುಗಿರಿ, ಪಾವಗಡ ದಾಟಿ ಭಾನುವಾರ ನಾನೇ ತಗೊಂಡು ಹೋದೆ. ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಕಚ್ಚಲಿಲ್ಲ. ಸಂಜೆಯೊಳಗೆ ಭಾವ ನಾಲ್ಕು ಉಂಡೆ ನೂಲು ಸುತ್ತಿದರು, ಅಂಚು ಒಂಚೂರು ದಪ್ಪ. ಈಗ ಪಕ್ಕದ ಬೀದಿಯವರಿಗೂ ಒಂದು ಬೇಕಂತೆ. ಅವರ ಮಷೀನಿನ ಸ್ಟ್ರೋಕ್ ಬೇರೆ. ಹಳೇ ಕ್ಯಾಮನ್ನು ಕೊರಿಯರ್ ಮಾಡಿದ್ದಾರೆ.