ಬಾಯಿ ಬಿಡಿಸುವ ಕೋರ್ಸು

ಜಯನಗರ ನಾಲ್ಕನೇ ಬ್ಲಾಕಿಗೆ ತರಕಾರಿ ತರಲು ಹೋದವರ ಕೈಗೆ ತರಕಾರಿಗಿಂತ ಮೊದಲು ಕರಪತ್ರಗಳು ಬಂದು ಬೀಳುತ್ತವೆ. ಮೊನ್ನೆ ನನ್ನ ಪಾಲಿಗೆ ಬಂದದ್ದು ‘ಕಮ್ಯುನಿಕೇಷನ್ ಸ್ಕಿಲ್ಸ್’ ತರಗತಿಯದು. ಕೋಟು ತೊಟ್ಟು, ಎರಡೂ ಕೈ ಅಗಲಿಸಿ ನಿಂತ ಯುವಕನ ಚಿತ್ರ. ಸಭಾಕಂಪನ ಮಾಯ, ಆತ್ಮವಿಶ್ವಾಸ ಗ್ಯಾರಂಟಿ, ಜೊತೆಗೆ ಕ್ರಿಯೇಟಿವಿಟಿ ಉಚಿತ! ಸೊಪ್ಪು ಕೊಂಡವರಿಗೆ ಎರಡೆಸಳು ಕರಿಬೇವು ಸೇರಿಸಿ ಕೊಡುವ ಹಾಗೆ. ಕಾಗದವನ್ನು ಮಡಚಿ ಚೀಲಕ್ಕೆ ತುರುಕಿದೆ. ಆ ‘ಉಚಿತ’ ಮಾತ್ರ ಮನೆಯವರೆಗೂ ಕೊರೆಯಿತು.

ನಮ್ಮ ಬಡಾವಣೆಗಳ ಪದ್ಧತಿಯೇ ವಿಚಿತ್ರ. ಮಗು ಹೆಚ್ಚು ಮಾತಾಡಿದರೆ ‘ಸುಮ್ನೆ ಕೂತ್ಕೊಂಡು ಓದ್ಕೊ’. ಪಿಯುಸಿಯಲ್ಲಿ ನಾಟಕಕ್ಕೆ ಹೆಸರು ಕೊಟ್ಟರೆ ‘ಸಿಇಟಿ ಮುಗೀಲಿ, ಆಮೇಲೆ ನೋಡೋಣ’. ಆರ್ಟ್ಸ್ ತಗೋತೀನಿ ಅಂದುಬಿಟ್ಟರಂತೂ ಮುಗಿಯಿತು, ಬನಶಂಕರಿಯಿಂದ ಅತ್ತೆಯ ಫೋನ್: ‘ಯಾಕೋ ಪುಟ್ಟಾ, ಮಾರ್ಕ್ಸ್ ಕಮ್ಮಿ ಬಂತಾ?’ ಹೀಗೆ ವರ್ಷಗಟ್ಟಲೆ ಬಾಯಿ ಮುಚ್ಚಿಸಿ, ಕ್ಯಾಂಪಸ್ ಇಂಟರ್‌ವ್ಯೂ ಹತ್ತಿರ ಬಂದಾಗ ಅದೇ ಬಾಯನ್ನು ತೆರೆಸಲು ಫೀಸು ಕಟ್ಟುತ್ತೇವೆ.

ಫೀಸಿಲ್ಲದೆ ಬಾಯಿ ತೆರೆದ ಹುಡುಗನೊಬ್ಬ ಇಲ್ಲೇ ಬಸವನಗುಡಿಯಲ್ಲಿದ್ದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವನು. ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳುವ ಕೆಲಸ ಬಿದ್ದದ್ದು ಈ ಹುಡುಗನ ಪಾಲಿಗೆ. ಎದುರಿಗೆ ಜನ, ಪಕ್ಕದಲ್ಲಿ ಗಾಂಧಿ! ನಮ್ಮ ಮಕ್ಕಳ ಗ್ರೂಪ್ ಡಿಸ್ಕಷನ್ ಇದರ ಮುಂದೆ ಯಾವ ಲೆಕ್ಕ?

ಆ ಹುಡುಗನೇ ಮುಂದೆ ಡಾ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. ಓದಿದ್ದು ಭೌತಶಾಸ್ತ್ರ. ನಡುವೆ 1942ರ ಚಳವಳಿಗೆ ಧುಮುಕಿ ಜೈಲು ಕಂಡು ಬಂದರು. ಪಿಎಚ್.ಡಿ. ಪಡೆದದ್ದು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಅದೂ ನ್ಯೂಕ್ಲಿಯರ್ ಭೌತಶಾಸ್ತ್ರಕ್ಕೆ. ಅಂಥವರು ನ್ಯಾಷನಲ್ ಕಾಲೇಜಿಗೆ ಹಿಂತಿರುಗಿ, ಮದುವೆಯ ಗೊಡವೆಗೂ ಹೋಗದೆ, ಖಾದಿ ಜುಬ್ಬಾ, ಟೋಪಿಯಲ್ಲಿ ಹಾಸ್ಟೆಲಿನ ಕೋಣೆಯೊಂದರಲ್ಲಿ ಉಳಿದುಬಿಟ್ಟರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬುಧವಾರ ಸಂಜೆ ಉಪನ್ಯಾಸ, ಯಾರು ಬೇಕಾದರೂ ಬರಬಹುದು.

ಇಂಥ ಸಭೆಗಳಲ್ಲಿ ನನಗೆ ಉಪನ್ಯಾಸಕ್ಕಿಂತ ಪ್ರಶ್ನೋತ್ತರದ ಮೇಲೆ ಕಣ್ಣು. ಮೊದಲು ಏಳುವವರು ನಿವೃತ್ತರು. ಪ್ರಶ್ನೆಯ ಹೆಸರಲ್ಲಿ ತಾವೇ ಒಂದು ಉಪನ್ಯಾಸ ಕೊಟ್ಟು, ಪ್ರಶ್ನೆ ಮರೆತು ಕೂರುತ್ತಾರೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು, ತಡವರಿಸುತ್ತ, ಒಂದೇ ವಾಕ್ಯ ಕೇಳುತ್ತಾಳೆ. ಭಾಷಣಕಾರರು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಗುತ್ತದೆ. ಆ ಹುಡುಗಿಯ ಕೈ ಅಗಲಿರುವುದಿಲ್ಲ, ದನಿ ನಡುಗುತ್ತಿರುತ್ತದೆ. ಆದರೆ ಅವಳಿಗೆ ನಿಜವಾಗಿಯೂ ಏನೋ ತಿಳಿಯಬೇಕಾಗಿದೆ. ಮಾತು ಹುಟ್ಟುವುದು ಅಲ್ಲಿಂದ.

ಎಚ್ಚೆನ್ ಈ ತಿಳಿಯುವ ಹಂಬಲವನ್ನು ವಿಜ್ಞಾನಕ್ಕೆ ಮಾತ್ರ ಬಿಡಲಿಲ್ಲ. ಎಪ್ಪತ್ತರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿ ದೊಡ್ಡ ಗದ್ದಲ ಎಬ್ಬಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ಮನುಷ್ಯ ಅದೇ ಅವಧಿಯಲ್ಲಿ ಅಲ್ಲಿ ಸಂಗೀತ, ನೃತ್ಯ, ನಾಟಕದ ಓದಿಗೆ ಜಾಗ ಮಾಡಿದ್ದು ಅಷ್ಟಾಗಿ ನೆನಪಿಲ್ಲ. ಪರಮಾಣುವಿನ ಮೇಷ್ಟ್ರಿಗೆ ಗೆಜ್ಜೆ, ತಂಬೂರಿಯ ಉಸಾಬರಿ ಯಾಕೆ ಎಂದು ಆಗ ಯಾರಾದರೂ ಕೇಳಿರಲೂಬಹುದು. ಜಯನಗರದ ನ್ಯಾಷನಲ್ ಕಾಲೇಜಿನ ರಂಗಮಂದಿರಕ್ಕೆ ಇಂದು ಅವರದೇ ಹೆಸರು. ಅಲ್ಲಿ ಬಣ್ಣ ಹಚ್ಚಿಕೊಂಡು ನಿಂತ ಕಾಮರ್ಸ್ ಹುಡುಗನಿಗೆ ಇನ್ನೊಬ್ಬನ ಕೋಪ, ಇನ್ನೊಬ್ಬನ ನಾಚಿಕೆ ಒಂದು ಗಂಟೆ ತನ್ನದಾಗಿರುತ್ತದೆ. ಆಮೇಲೆ ಅವನು ಬ್ಯಾಂಕಿನಲ್ಲಿ ಕೂತರೂ, ಎದುರಿಗೆ ಸಾಲ ಕೇಳಲು ಬಂದವನ ಮುಖ ಓದಬಲ್ಲ. ಇದಕ್ಕೆ ಸರ್ಟಿಫಿಕೇಟು ಕೊಡುವವರು ಯಾರು?

2005ರ ಜನವರಿ ಕೊನೆಯಲ್ಲಿ ಎಚ್ಚೆನ್ ತೀರಿಕೊಂಡರು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಜೆ.ಪಿ. ನಗರದಲ್ಲಿ ರಂಗಶಂಕರ ನಾಟಕಮಂದಿರ ತೆರೆದಿತ್ತು. ಮಾತು ಕಲಿಯಬೇಕೆನ್ನುವವರಿಗೆ ನಾನು ಅಲ್ಲಿಗೇ ದಾರಿ ತೋರಿಸುತ್ತೇನೆ. ಟಿಕೆಟ್ ಕೊಂಡು, ಫೋನು ಆರಿಸಿ, ಕತ್ತಲಲ್ಲಿ ಕೂತು ಇನ್ನೊಬ್ಬರ ಮಾತು ಕೇಳುವುದು, ಉತ್ತರ ಕೊಡುವ ಚಪಲವಿಲ್ಲದೆ. ಅರ್ಧ ವಿದ್ಯೆ ಅಷ್ಟರಲ್ಲೇ ಬರುತ್ತದೆ. ಒಂದೇ ಎಚ್ಚರಿಕೆ: ಏಳೂವರೆಗೆ ಬಾಗಿಲು ಹಾಕುತ್ತಾರೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಎಷ್ಟು ಸೊಗಸಾದ ಇಂಗ್ಲಿಷಿನಲ್ಲಿ ವರ್ಣಿಸಿದರೂ ಒಳಗೆ ಬಿಡುವುದಿಲ್ಲ.