ಬಿಟ್ಟುಕೊಟ್ಟ ಬೆಳಕು

ಮನೆ ಕಟ್ಟಿಸುವವನ ಕೈಯಲ್ಲಿ ಕ್ರಯಪತ್ರವಿರುತ್ತದೆ. ನಿವೇಶನ ಎಷ್ಟು ಅಡಿ ಉದ್ದ, ಎಷ್ಟು ಅಡಿ ಅಗಲ, ನಾಲ್ಕು ದಿಕ್ಕಿಗೆ ಯಾರ ಸ್ವತ್ತು ಎಂಬ ಚೆಕ್ಕುಬಂದಿಯ ವಿವರ ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಆದರೆ ಆ ನೆಲದ ಮೇಲೆ ಬೀಳುವ ಬೆಳಕಿನಲ್ಲಿ ತನ್ನ ಪಾಲೆಷ್ಟು, ನೆರೆಯವನ ಪಾಲೆಷ್ಟು ಎಂಬುದು ಯಾವ ಪತ್ರದಲ್ಲಿಯೂ ಇರುವುದಿಲ್ಲ. ಜಾಲಹಳ್ಳಿಯ ಒಂದು ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಅದನ್ನು ವಿವೇಚಿಸಲು ನೆರವಾದದ್ದು ಬಹುದೂರದ ಊರಿನಲ್ಲಿದ್ದು ಈಗ ಇಲ್ಲವಾಗಿರುವ ಒಂದು ಕಟ್ಟಡ.

ಆ ಮನೆಯ ಯಜಮಾನರು ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಲೇತಿನ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. 1953ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಕೈಗಡಿಯಾರಗಳ ತಯಾರಿಕೆಗೂ ತೊಡಗಿತು. ಜಾಲಹಳ್ಳಿಯ ಹೆಸರನ್ನು ದೇಶದ ಮನೆಮನೆಗೆ ಮುಟ್ಟಿಸಿತು. 2016ರಲ್ಲಿ ಗಡಿಯಾರದ ಉದ್ಯಮವನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಅವರು ಯಾರನ್ನೂ ದೂರಲಿಲ್ಲ. ಒಂದು ದಿನ ಮಾತ್ರ ಹೆಚ್ಚು ಮಾತನಾಡಲಿಲ್ಲ. ಅವರ ಪತ್ನಿಗೆ ತವರಿನಿಂದ ಬಂದ, ಕಾಲಿನಿಂದ ತುಳಿಯುವ ಸಿಂಗರ್ ಹೊಲಿಗೆ ಯಂತ್ರವೊಂದು ಮೂಡಣ ಕಿಟಕಿಯ ಬಳಿ ಇದೆ. ನೆರೆಕೆರೆಯವರ ರವಿಕೆ, ಮಕ್ಕಳ ಲಂಗಗಳನ್ನು ಆಕೆ ಅಲ್ಲಿಯೇ ಕುಳಿತು ಹೊಲಿದದ್ದು. ಆ ಕಿಟಕಿಗೆ ಬೆಳಕು ಬರುತ್ತಿದ್ದುದಕ್ಕೆ ಕಾರಣವಿತ್ತು: ಪಕ್ಕದ ಮನೆಯವರು ನಾಲ್ಕು ದಶಕಗಳ ಹಿಂದೆ ಮನೆ ಕಟ್ಟುವಾಗ ಈ ಬದಿಗೆ ಐದು ಅಡಿ ಜಾಗವನ್ನು ಬಿಟ್ಟಿದ್ದರು.

ಹಿರಿಯ ಮಗ ಹಳೆಯ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಿಸುವ ನಕ್ಷೆ ತಂದನು. ಮೆಟ್ರೋ ನಿಲ್ದಾಣ ಬಂದ ಮೇಲೆ ಬಾಡಿಗೆ ಏರಿದೆ. ಗೋಡೆಯನ್ನು ಎಲ್ಲೆಯವರೆಗೆ ತಂದರೆ ಪ್ರತಿ ಅಂತಸ್ತಿನಲ್ಲಿ ಒಂದೊಂದು ಕೋಣೆ ಹೆಚ್ಚು ದೊರೆಯುತ್ತದೆ ಎಂಬುದು ಅವನ ಲೆಕ್ಕ. ನಿಯಮ ಹೇಳುವಷ್ಟು ಜಾಗವನ್ನು ಆ ಬೀದಿಯಲ್ಲಿ ಯಾರೂ ಬಿಟ್ಟಿರಲಿಲ್ಲ ಎಂಬುದೂ ನಿಜ. ಆದರೆ ಪಕ್ಕದ ಮನೆಯ ಅಡುಗೆಕೋಣೆಯ ಒಂದೇ ಕಿಟಕಿ ಈ ಬದಿಗೆ ಇತ್ತು. ಈಗ ಅಲ್ಲಿರುವವರು ಒಂಟಿ ವೃದ್ಧೆ. ಅವರು ಆಕ್ಷೇಪವನ್ನೇ ಎತ್ತಲಿಲ್ಲ. ಯಜಮಾನರನ್ನು ಕಾಡಿದ್ದು ಆ ಮೌನವೇ.

ಆ ದಿನಗಳಲ್ಲಿಯೇ ಒಂದು ಸಂಜೆ, ಅವರು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಮೊಮ್ಮಗಳು ಒಂದು ಚಿತ್ರವನ್ನು ತೋರಿಸಿ, “ತಾತ, ಇದು ಅಜ್ಜಿಯ ಮಿಷನ್ ಕಂಪನಿಯವರ ಆಫೀಸಂತೆ” ಎಂದಳು. ಅದು ನ್ಯೂಯಾರ್ಕಿನ ಸಿಂಗರ್ ಕಟ್ಟಡ. ಅದರ ಕಥೆಯನ್ನು ಅವರು ಅಲ್ಲಿಂದಾಚೆಗೆ ಹುಡುಕಿ ಹುಡುಕಿ ತಿಳಿದರು.

ಬ್ರಾಡ್‌ವೇ ರಸ್ತೆಯಲ್ಲಿ 1908ರಲ್ಲಿ ಪೂರ್ಣಗೊಂಡಾಗ 612 ಅಡಿ ಎತ್ತರದ ಆ ಕಟ್ಟಡ ಜಗತ್ತಿನ ಕಚೇರಿ ಕಟ್ಟಡಗಳಲ್ಲೆಲ್ಲ ಎತ್ತರವಾದುದಾಗಿತ್ತು. ಒಳಾಂಗಣದ ಅಮೃತಶಿಲೆಯ ಕಂಬಗಳ ಮೇಲೆ ಕಂಚಿನ ಫಲಕಗಳಲ್ಲಿ ಸೂಜಿ, ದಾರ, ಬಾಬಿನ್‌ಗಳನ್ನು ಕೆತ್ತಿದ್ದರು. ಮನೆಮನೆಯ ಗೃಹಿಣಿಯರು ಕಂತುಕಂತಾಗಿ ಕಟ್ಟಿದ ಹಣವೂ ಸೇರಿ ಎದ್ದ ಗೋಪುರವದು. ಅತ್ಯುನ್ನತವೆಂಬ ಹಿರಿಮೆ ಒಂದೇ ವರ್ಷ ಉಳಿಯಿತು. 1909ರಲ್ಲಿ ಅದೇ ನಗರದ ಮೆಟ್ರೊಪಾಲಿಟನ್ ಲೈಫ್ ಗೋಪುರ ಅದನ್ನು ಮೀರಿತು.

ಅದರ ಶಿಲ್ಪಿ ಅರ್ನೆಸ್ಟ್ ಫ್ಲ್ಯಾಗ್ ಗಗನಚುಂಬಿಗಳ ಟೀಕಾಕಾರರೂ ಆಗಿದ್ದರು ಎಂಬುದು ಗಮನಾರ್ಹ. ಪ್ರತಿಯೊಬ್ಬನೂ ತನ್ನ ನಿವೇಶನವನ್ನು ಅಂಚಿನವರೆಗೆ ತುಂಬಿ ಮೇಲೇರಿದರೆ ಬೀದಿಗೂ ನೆರೆಮನೆಗೂ ಗಾಳಿ ಬೆಳಕುಗಳು ಇಲ್ಲವಾಗುತ್ತವೆ ಎಂಬುದು ಅವರ ವಾದ. ಎತ್ತರಕ್ಕೆ ಏರಬೇಕೆನ್ನುವವನು ನಿವೇಶನದ ನಾಲ್ಕನೆಯ ಒಂದು ಭಾಗದ ಮೇಲೆ ಮಾತ್ರ ಏರಲಿ, ಉಳಿದುದನ್ನು ತಗ್ಗಾಗಿಯೇ ಬಿಡಲಿ ಎಂದು ಅವರು ಹೇಳುತ್ತಿದ್ದರು. ಹೇಳಿದಂತೆ ಮಾಡಿಯೂ ತೋರಿದರು. ಸಿಂಗರ್ ಗೋಪುರದ ಅಗಲ ಪ್ರತಿ ಬದಿಗೆ ಕೇವಲ 65 ಅಡಿ. 1915ರಲ್ಲಿ ಸಮೀಪದಲ್ಲಿಯೇ ಈಕ್ವಿಟಬಲ್ ಎಂಬ ಬೃಹತ್ ಕಟ್ಟಡ ಬೀದಿಯ ಅಂಚಿನಿಂದಲೇ ನೆಟ್ಟಗೆ ಎದ್ದು ಸುತ್ತಲ ಮನೆಗಳ ಮೇಲೆ ನೆರಳು ಹರಡಿದಾಗ ಜನರಿಗೆ ಈ ಮಾತಿನ ಅರ್ಥ ತಿಳಿಯಿತು. 1916ರಲ್ಲಿ ನ್ಯೂಯಾರ್ಕ್ ನಗರ ರೂಪಿಸಿದ ನಿಯಮಾವಳಿಯಲ್ಲಿ, ಎತ್ತರಕ್ಕೆ ಮಿತಿಯಿಲ್ಲದ ಗೋಪುರ ನಿವೇಶನದ ಕಾಲು ಭಾಗವನ್ನು ಮೀರಬಾರದೆಂಬ ಅಂಶ ಸೇರಿತು.

ಆದರೆ ಅದೇ ಸಂಯಮ ಗೋಪುರಕ್ಕೆ ಮುಳುವಾಯಿತು. 1960ರ ದಶಕದ ಆರಂಭದಲ್ಲಿ ಕಂಪನಿ ತನ್ನ ಕಚೇರಿಯನ್ನು ಬೇರೆಡೆಗೆ ಸಾಗಿಸಿತು. ಗೋಪುರದ ಒಂದು ಅಂತಸ್ತಿನಲ್ಲಿ ದೊರೆಯುತ್ತಿದ್ದುದು ಸುಮಾರು 4,200 ಚದರ ಅಡಿ. ಹೊಸ ಕಾಲದ ದೊಡ್ಡ ಕಚೇರಿಗಳಿಗೆ ಅದು ಸಾಲದಾಯಿತು. 1964ರಲ್ಲಿ ನಿವೇಶನ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಂಪನಿಯ ಪಾಲಾಯಿತು. ಹಳೆಯ ಕಟ್ಟಡಗಳನ್ನು ರಕ್ಷಿಸುವ ಆಯೋಗವೊಂದು 1965ರಲ್ಲಿ ಹುಟ್ಟಿತ್ತಾದರೂ ಈ ಕಟ್ಟಡಕ್ಕೆ ಅದರ ಆಶ್ರಯ ದೊರೆಯಲಿಲ್ಲ. 1967ರಲ್ಲಿ ಕೆಡವುವ ಕೆಲಸ ಆರಂಭವಾಯಿತು. ಆ ಸ್ಥಳದಲ್ಲಿ 1973ರಲ್ಲಿ ಪೂರ್ಣಗೊಂಡ 54 ಅಂತಸ್ತುಗಳ ಕಟ್ಟಡದ ಒಂದೊಂದು ಅಂತಸ್ತು ಸುಮಾರು 37,000 ಚದರ ಅಡಿ. ಒಡೆಯರೇ ಕೆಡವಿಸಿದ ಕಟ್ಟಡಗಳಲ್ಲಿ ಅತ್ಯಂತ ಎತ್ತರವಾದುದು ಎಂಬ ದಾಖಲೆ ಅರ್ಧ ಶತಮಾನ ಸಿಂಗರ್ ಗೋಪುರದ ಹೆಸರಿನಲ್ಲಿಯೇ ಉಳಿಯಿತು. 2019ರಿಂದ 2021ರ ನಡುವೆ ಅದೇ ನಗರದ ಯೂನಿಯನ್ ಕಾರ್ಬೈಡ್ ಕಟ್ಟಡವನ್ನು ಕಳಚಿದಾಗ ಆ ದಾಖಲೆಯೂ ಹೋಯಿತು.

ಕಥೆಯನ್ನು ಕೇಳಿದ ಮಗ ತನಗೆ ಬೇಕಾದ ನೀತಿಯನ್ನೇ ಅದರಲ್ಲಿ ಕಂಡನು. “ನೋಡಿ ಅಪ್ಪ, ಜಾಗ ಬಿಟ್ಟವರು ಉಳಿಯಲಿಲ್ಲ. ನಾವು ಬಿಟ್ಟರೂ ಮುಂದೆ ಕೊಂಡವರು ಕಟ್ಟಿಯೇ ಕಟ್ಟುತ್ತಾರೆ” ಎಂದನು. ಆ ಮಾತನ್ನು ಸುಳ್ಳೆನ್ನುವಂತಿರಲಿಲ್ಲ. ಯಜಮಾನರು ಎರಡು ದಿನ ಉತ್ತರ ಕೊಡಲಿಲ್ಲ.

ಸಂಯಮದಿಂದ ಲಾಭವುಂಟು, ತ್ಯಾಗ ಮಾಡಿದವನು ಚಿರಕಾಲ ಬಾಳುತ್ತಾನೆ ಎಂದು ಹೇಳುವುದು ಸುಲಭ. ಆ ಗೋಪುರ ಹಾಗೆ ಹೇಳಲು ಬಿಡುವುದಿಲ್ಲ. ಸಂಯಮಕ್ಕೆ ಬೆಲೆ ತೆರಬೇಕಾಗುತ್ತದೆ. ಕೆಲವೊಮ್ಮೆ ಅಸ್ತಿತ್ವವನ್ನೇ ತೆರಬೇಕಾಗುತ್ತದೆ. ಆದರೂ ಅದು ನಿಂತಿದ್ದ ಆರು ದಶಕಗಳ ಕಾಲ ಸುತ್ತಲ ಬೀದಿಯ ಮೇಲೆ ಬಿದ್ದ ಬೆಳಕು ಬಿದ್ದದ್ದೇ. ಕಟ್ಟಡವನ್ನು ಕೆಡವಿದವರು ಅದನ್ನು ಹಿಂದಕ್ಕೆ ಪಡೆಯಲಾರರು. ಇತ್ತ ಜಾಲಹಳ್ಳಿಯಲ್ಲಿ, ಜಗತ್ತಿನ ಅತ್ಯುನ್ನತ ಕಚೇರಿ ಮಣ್ಣಾಗಿ ಐವತ್ತು ವರ್ಷ ಕಳೆದ ಮೇಲೆಯೂ, ಆ ಕಂಪನಿಯ ಯಂತ್ರವೊಂದು ಯಾರದೋ ಮಗುವಿನ ಲಂಗವನ್ನು ಹೊಲಿಯುತ್ತಿದೆ. ಯಂತ್ರಗಳನ್ನು ಸಂಶಯದಿಂದ ಕಂಡ ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಯಂತ್ರವನ್ನು ಒಂದು ಅಪವಾದವಾಗಿ ಎತ್ತಿ ಹೇಳಿದ್ದರು. ಅದರ ಹಿಂದೆ ಇದ್ದದ್ದು ಲೋಭವಲ್ಲ, ಹೆಂಡತಿಯ ಶ್ರಮ ಕಂಡು ಮರುಗಿದ ಮನಸ್ಸು ಎಂಬುದು ಅವರ ನಂಬಿಕೆಯಾಗಿತ್ತು.

ಮೂರನೆಯ ದಿನ ಯಜಮಾನರು ಮಗನಿಗೆ ಹೇಳಿದರು: “ಮುಂದೆ ಕೊಂಡವರು ಕಟ್ಟಬಹುದು. ಅದಕ್ಕೆ ಅವರು ಉತ್ತರ ಹೇಳಲಿ. ನಲವತ್ತು ವರ್ಷ ನಿಮ್ಮಮ್ಮ ಹೊಲಿದದ್ದು ಪಕ್ಕದವರು ಬಿಟ್ಟ ಬೆಳಕಿನಲ್ಲಿ. ಆ ಸಾಲಕ್ಕೆ ನಾನು ಉತ್ತರ ಹೇಳಬೇಕು.”

ನಕ್ಷೆಯನ್ನು ತಿದ್ದಿದರು. ಪ್ರತಿ ಅಂತಸ್ತಿನಲ್ಲಿ ಒಂದು ಕೋಣೆ ಕಡಿಮೆಯಾಯಿತು. ತಿಂಗಳ ಬಾಡಿಗೆಯೂ ಅಷ್ಟರಮಟ್ಟಿಗೆ ತಗ್ಗಿತು. ಮಗನಿಗೆ ಈಗಲೂ ಪೂರ್ಣ ಸಮಾಧಾನವಿಲ್ಲ; ಸಾಲದ ಕಂತು ಕಟ್ಟುವವನು ಅವನು, ಅವನ ಅಸಮಾಧಾನವನ್ನು ತಪ್ಪೆನ್ನಲಾಗದು. ಪಕ್ಕದ ಮನೆಯ ವೃದ್ಧೆಗೆ ಈ ಚರ್ಚೆಯೊಂದೂ ತಿಳಿಯದು. ಬೆಳಗಿನ ಹೊತ್ತು ಅವರು ಎಂದಿನಂತೆ ದೀಪ ಹಾಕದೆ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಾರೆ.